ಬಿಸಿಯಾದರೆ ನಿಲ್ಲುವ ಸಪ್ಪಳ

ಮದುವೆಯಾಗಿ ನಾನು ಮೂಡಲಗಿಗೆ ಬಂದಾಗ ನನ್ನ ಗಂಡನ ಲಾರಿಗೆ ನನಗಿಂತ ತುಸುವೇ ಕಡಿಮೆ ವಯಸ್ಸು. ಸಾಂಗ್ಲಿ ಕಡೆಯವರು ಯಾರೋ ಓಡಿಸಿ ದಣಿಸಿ ಮಾರಿದ ಗಾಡಿ ಅದು. ಮೂತಿಯ ಹಳದಿ ಬಣ್ಣ ಅಲ್ಲಲ್ಲಿ ಎದ್ದುಹೋಗಿ ಅದರ ಕೆಳಗಿನ ಹಸಿರು, ಅದರ ಕೆಳಗಿನ ಕೆಂಪು ಕಾಣುತ್ತಿತ್ತು. ಇವರು ಅದರಲ್ಲಿ ಬೆಲ್ಲ, ಗೋವಿನಜೋಳ, ಅರಿಶಿನ ಹೇರಿಕೊಂಡು ಗೋಕಾಕ, ಹುಕ್ಕೇರಿ, ಸಂಕೇಶ್ವರ ಅಂತ ತಿರುಗುತ್ತಿದ್ದರು. ಕ್ಲೀನರುಗಳು ಯಾರೂ ಇವರ ಹತ್ತಿರ ಬಹಳ ದಿನ ನಿಲ್ಲುತ್ತಿರಲಿಲ್ಲವಂತೆ. ನಾನು ಬಂದ ಹೊತ್ತಿಗೆ ಇವರೊಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು.

ನನ್ನ ತವರು ಹುಕ್ಕೇರಿ ತಾಲೂಕಿನ ದಡ್ಡಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಎತ್ತಿನ ಗಾಡಿ ಮತ್ತು ಅಪ್ಪನ ಸೈಕಲ್ಲು. ಇಂಜಿನ್ನಿನ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಮೂಡಲಗಿಯ ಮನೆಯಲ್ಲಿ ಲಾರಿ ನಿಲ್ಲುತ್ತಿದ್ದದ್ದು ಅಡುಗೆಮನೆಯ ಗೋಡೆಗೆ ತಾಗಿದಂತೆ. ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕೂರುವ ಹೊತ್ತಿಗೆ ಇವರು ಗಾಡಿ ಚಾಲೂ ಮಾಡಿ, ಹಾಗೇ ಬಿಟ್ಟು, ಮುಖ ತೊಳೆಯಲು ಹೋಗುತ್ತಿದ್ದರು. ಆಗ ಇಂಜಿನ್ನಿನ ಗುಡುಗುಡು ದನಿಯ ಮೇಲೆ ಬೇರೊಂದು ಸಣ್ಣ ದನಿ ಬರುತ್ತಿತ್ತು. ಟಿಕ್ ಟಿಕ್ ಟಿಕ್. ಉಗುರಿನಿಂದ ತಗಡು ತಟ್ಟಿದ ಹಾಗೆ. ಇವರು ಬಂದು ರೇಸ್ ಕೊಟ್ಟರೆ ಅದೂ ಅವಸರ ಮಾಡುತ್ತಿತ್ತು.

"ಅತ್ತಿ, ಗಾಡ್ಯಾಗ ಏನೋ ಬಡದಂಗ ಸಪ್ಪಳ ಬರತೈತ್ರಿ," ಅಂದೆ ಒಂದು ದಿನ.

ಅತ್ತೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. "ಗಾಡಿ ಅಂದಮ್ಯಾಲ ಸಪ್ಪಳ ಇರೂದ ನಮ್ಮವ್ವ. ಸಪ್ಪಳ ಬರಲಿಲ್ಲಂದ್ರ ಕೆಟ್ಟಂಗ," ಅಂದರು.

ಅದೂ ಸರಿಯೇ ಅನ್ನಿಸಿತು. ಆದರೆ ನನ್ನ ಗಮನ ಆ ದನಿಯ ಮೇಲೇ ಹೋಗುತ್ತಿತ್ತು. ಮನೆ ಹೊಸದು, ಜನ ಹೊಸಬರು, ಗಂಡ ಮಾತಾಡುವವರಲ್ಲ. ಕಿಟಕಿಯ ಆಚೆಯ ಆ ಸಪ್ಪಳ ಮಾತ್ರ ದಿನಾ ಒಂದೇ ಥರ ಇರುತ್ತಿತ್ತು. ರೊಟ್ಟಿ ಹಂಚಿನ ಮೇಲೆ ಹಾಕಿ ಎದ್ದು ಹೋಗಿ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ.

ಗಂಡ ಮಾತಾಡುವುದಿಲ್ಲ ಅಂದೆನಲ್ಲ, ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಅದೇ. ಸಂಜೆ ಗಾಡಿ ಇಳಿದು ಬಂದರೆ ಹಣೆಗೆ ಟವೆಲ್ ಬಿಗಿದುಕೊಂಡು ಪಡಸಾಲೆಯಲ್ಲಿ ಮಲಗಿಬಿಡುತ್ತಿದ್ದರು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆದರೆ ಇವರು ಹೊತ್ತಿರುವಾಗಲೇ ಬಂದ ದಿನವೂ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು, "ಸಾಕು," ಅಂದು ಏಳುತ್ತಿದ್ದರು. ಹೊತ್ತು ಮೀರಿ ಬಂದರೆ, "ಹೊತ್ತ ಮುಳಗೇತಿ, ಬ್ಯಾಡ," ಅನ್ನುವಾಗ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಾಣುತ್ತಿತ್ತು. ಅದು ನೇಮವೋ, ನನ್ನ ಅಡುಗೆ ರುಚಿಯಿಲ್ಲವೋ, ನಾನೇ ರುಚಿಯಿಲ್ಲವೋ, ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ "ತಲಿ ನೋಯಾಕತ್ತೈತಿ" ಅನ್ನುವ ಒಂದೇ ಮಾತು. ದಿನಾ ತಲೆ ನೋಯುವ ಗಂಡಸನ್ನು ನಾನು ನೋಡಿರಲಿಲ್ಲ. ನೆಪ ಇರಬೇಕು ಅಂದುಕೊಂಡೆ.

ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಗೋಕಾಕದಲ್ಲಿ ಕಣ್ಣು ತೋರಿಸಿಕೊಂಡು ಬಂದು ಇವರು ಚಾಳೀಸು ಹಾಕಿಕೊಂಡರು. ಚಾಳೀಸಿನಲ್ಲಿ ಸಾಲಿಮಾಸ್ತರರ ಹಾಗೆ ಕಾಣುತ್ತಿದ್ದರು, ಆದರೆ ಟವೆಲ್ ಕಟ್ಟುವುದು ನಿಲ್ಲಲಿಲ್ಲ.

ಸಪ್ಪಳದ ವಿಷಯ ಕೊನೆಗೂ ಒಂದು ಬೆಳಿಗ್ಗೆ ಇವರಿಗೇ ಹೇಳಿದೆ. ಇವರು ಕ್ಯಾಬಿನ್ನಿನಿಂದ ಇಳಿದು ಬಂದು ನನ್ನ ಪಕ್ಕ ಕಿಟಕಿಯ ಕೆಳಗೆ ನಿಂತು ಕೇಳಿದರು.

"ಹೌದಲ್ಲ," ಅಂದರು. "ಇಂಜನ್ದಾಗ ಟ್ಯಾಪೆಟ್ ಸಡಲ ಆಗಿರಬೇಕು. ಒಳಗ ಕುಂತ್ರ ಇಂಜನ್ ಗದ್ದಲದಾಗ ಕೇಳಸಾಂಗಿಲ್ಲ ನೋಡ."

ನನ್ನ ಮಾತನ್ನು ಇವರು ಒಪ್ಪಿದ್ದು ಅದೇ ಮೊದಲು. ಅವತ್ತು ಗೋಕಾಕದಲ್ಲಿ ನನಗೂ ಬಳೆ ಬಟ್ಟೆಯ ಕೆಲಸವಿತ್ತು, ಜೊತೆಗೆ ಕರೆದುಕೊಂಡು ಹೋದರು. ಇವರು ಯಾವಾಗಲೂ ಹೋಗುವ ಗ್ಯಾರೇಜು ಊರಿನ ಹೊರಗಿತ್ತು. ಮಿಸ್ತ್ರಿ ಕ್ಯಾಬಿನ್ನಿಗೆ ಹತ್ತಿ ಇಂಜಿನ್ನಿನ ಮುಚ್ಚಳ ಎತ್ತಿ, ಕಿವಿಯನ್ನು ಹತ್ತಿರ ಒಯ್ದು, ಇಲ್ಲವೆಂದು ತಲೆಯಾಡಿಸಿದ.

"ಎಲ್ಲೈತ್ರಿ ಸಪ್ಪಳ? ನೀರ ಹರದಂಗ ಓಡಾಕತ್ತೈತಿ ಇಂಜನ್."

ನಾನೂ ಬಗ್ಗಿ ಕಿವಿಗೊಟ್ಟೆ. ಖರೆ, ಟಿಕ್ ಟಿಕ್ ಇರಲೇ ಇಲ್ಲ.

"ಮುಂಜಾನಿ ಇತ್ರಿ," ಅಂದೆ.

"ಮುಂಜಾನಿ ಇದ್ದಿದ್ದು ಈಗೆಲ್ಲಿ ಹೋತ್ರಿ ವೈನಿ?" ಅಂದ ಆತ ನಗುತ್ತ. ಆದರೂ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಟ್ಯಾಪೆಟ್ ಕವರ್ ತೆಗೆದು, ಬಿಗಿ ಮಾಡಬೇಕಾದ್ದನ್ನು ಬಿಗಿ ಮಾಡಿ ಕೊಟ್ಟ.

ಮರುದಿನ ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಲಾರಿ ಚಾಲೂ ಆಯಿತು. ಟಿಕ್ ಟಿಕ್ ಟಿಕ್.

ಇದು ಹೀಗೆಯೇ ನಡೆಯಿತು. ಬೆಳಿಗ್ಗೆ ಇರುತ್ತಿತ್ತು, ಗೋಕಾಕ ಮುಟ್ಟುವಷ್ಟರಲ್ಲಿ ಹೋಗಿರುತ್ತಿತ್ತು. ಮಿಸ್ತ್ರಿ ಒಮ್ಮೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನೋಝಲ್‌ಗಳನ್ನು ಬಿಚ್ಚಿ ತೊಳೆದ. ಇನ್ನೊಮ್ಮೆ ಫ್ಯಾನ್ ಬೆಲ್ಟ್ ಬದಲಿಸಿದ. ಮೂರನೆಯ ಸಲ ಇವರು ಆ ಮಾತೆತ್ತಿದಾಗ ಆತ, "ವೈನ್ಯಾರ ಕಿವಿ ಡಾಕ್ಟರಿಗೆ ತೋರಸ್ರಿ ಒಮ್ಮೆ," ಅಂದನಂತೆ. ಇವರು ಮನೆಗೆ ಬಂದು ಅದನ್ನು ನಗದೆ ಹೇಳಿದರು. ಆಮೇಲೆ ನಾನು ಕಿಟಕಿಯಿಂದ, "ಈಗ ಬರಾಕತ್ತೈತಿ ನೋಡ್ರಿ," ಅಂತ ಕೂಗಿದರೆ ಕೈಯಾಡಿಸಿ ಹೊರಟುಬಿಡುತ್ತಿದ್ದರು.

ನನಗೇ ನನ್ನ ಕಿವಿಯ ಮೇಲೆ ಅನುಮಾನ ಬಂತು. ಅತ್ತೆ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದರೆ, ಹಂಚಿನಿಂದ ಮಳೆಹನಿ ಬಕೀಟಿಗೆ ಬಿದ್ದರೆ, ಬೆಚ್ಚಿ ತಿರುಗಿ ನೋಡುತ್ತಿದ್ದೆ. ಇದ್ದದ್ದನ್ನು ಕೇಳುತ್ತಿದ್ದೇನೋ ಇಲ್ಲದ್ದನ್ನು ಕೇಳುತ್ತಿದ್ದೇನೋ, ಯಾರನ್ನು ಕೇಳಲಿ? ಅತ್ತೆಗೆ ಆ ವೇಳೆಗಾಗಲೇ ಕಿವಿ ಮಂದ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಅಣ್ಣ ಕರೆಯಲು ಬರುವವನಿದ್ದ, ಅಷ್ಟರಲ್ಲಿ ಇವರಿಗೆ ಹತ್ತರಗಿಯ ಅಂಗಡಿಯೊಂದಕ್ಕೆ ಬೆಲ್ಲ ಒಯ್ಯುವ ಕೆಲಸ ಬಂದು, "ನಾನ ಬಿಟ್ಟ ಬರತೇನಿ," ಅಂದರು. ಬೆಳಿಗ್ಗೆಯಿಂದಲೇ ಮಳೆ ಹಿಡಿದಿತ್ತು. ನಮ್ಮ ಲಾರಿಯ ಇಂಜಿನ್ನು ಕ್ಯಾಬಿನ್ನಿನ ಒಳಗೇ, ಎರಡು ಸೀಟುಗಳ ನಡುವೆ, ಒಂದು ಹಳೆಯ ಕೌದಿಯ ಕೆಳಗೆ ಇರುತ್ತಿತ್ತು. ಎರಡೂ ಬದಿಯ ಗಾಜು ಏರಿಸಿ ನಾವು ಕೂತೆವು. ಒಳಗೆ ಬೆಚ್ಚಗಿತ್ತು. ದಾರಿಯಲ್ಲಿ ರೈಲು ಗೇಟು ಬಿದ್ದಿತ್ತು. ಗಾಡಿ ಬಂದ್ ಮಾಡಿ ಬಹಳ ಹೊತ್ತು ಕಾದೆವು, ಮತ್ತೆ ಚಾಲೂ ಮಾಡಿದೆವು. ನಾನು ಏನೇನೋ ಮಾತಾಡುತ್ತಿದ್ದವಳು ಹುಕ್ಕೇರಿ ಬರುವಷ್ಟರಲ್ಲಿ ಸುಮ್ಮನಾದೆ. ಕಣ್ಣಿನ ಹಿಂದೆ ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗೆ. ಹತ್ತರಗಿಯಲ್ಲಿ ಬೆಲ್ಲ ಇಳಿಸುವಾಗ ನಾನು ಗಾಡಿಯಿಂದ ಇಳಿದವಳೇ ರಸ್ತೆ ಬದಿ ಕೂತು ವಾಂತಿ ಮಾಡಿಕೊಂಡೆ.

ತವರಿನ ಹೊಸ್ತಿಲಲ್ಲಿ ಅವ್ವ ನನ್ನ ಬಿಳಿಚಿದ ಮುಖ ನೋಡಿದಳು. "ವಾಂತಿ ಆತೇನು?" ಅಂತ ಮೆಲ್ಲಗೆ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದ್ದೇ ತಡ, ಆಕೆಯ ಮುಖ ಪಂಚಮಿ ಉಂಡಿಯ ಹಾಗೆ ದುಂಡಗಾಯಿತು. ನನಗೆ ಉಪ್ಪಿನಕಾಯಿ ಬಂತು, ಹುರಿದ ಅವಲಕ್ಕಿ ಬಂತು, ಜೋಕಾಲಿ ಹತ್ತಬಾರದೆಂಬ ಅಪ್ಪಣೆ ಬಂತು. ಅಂಗಳದ ಬೇವಿನ ಮರದಲ್ಲಿ ಓಣಿಯ ಹುಡುಗಿಯರೆಲ್ಲ ಜೀಕುತ್ತಿದ್ದರು, ನಾನು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ಕೂಡಲಿಲ್ಲ. ಕೂಡುವುದಿಲ್ಲವೆಂದು ಅವ್ವನಿಗೆ ಹೇಳಿದರೆ, "ನಿನಗೇನ ತಿಳೀತೈತಿ, ಸುಮ್ನಿರ," ಅಂದಳು. ಸಂಜೆಯ ಹೊತ್ತಿಗೆ ನನಗೆ ಪೂರಾ ಆರಾಮಾಗಿತ್ತು. ಅದೂ ಬಸುರಿನ ಲಕ್ಷಣವೇ ಎಂದು ಅವ್ವ ಸಾಧಿಸಿದಳು.

ಮಳೆ ನಿಲ್ಲದ್ದರಿಂದ ಇವರೂ ಉಳಿದರು. ಮರುದಿನ ಅವ್ವ, ನಾನು, ಇವರು ಅದೇ ಲಾರಿಯಲ್ಲಿ, ಅದೇ ಗಾಜು ಏರಿಸಿಕೊಂಡು ಹುಕ್ಕೇರಿಯ ಹೆಣ್ಣುಮಕ್ಕಳ ಡಾಕ್ಟರ್ ಬಾಯಾರ ಹತ್ತಿರ ಹೋದೆವು. ದಾರಿಯಲ್ಲಿ ನನಗೆ ಮತ್ತೆ ವಾಂತಿಯಾಯಿತು. ಅವ್ವ ನನ್ನ ಬೆನ್ನು ಸವರುತ್ತ ಕೂತಳು, ಬರಬರುತ್ತ ಅವಳೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಣ್ಣು ಮುಚ್ಚಿದಳು.

ಡಾಕ್ಟರ್ ಬಾಯಾರು ತಪಾಸಣೆ ಮಾಡಿ, "ಇದು ಬಸಿರಲ್ಲ ಬಿಡವ್ವಾ," ಅಂದರು.

"ಅಲ್ರಿ, ನಿನ್ನಿಯಿಂದ ವಾಂತಿ ಮಾಡಾಕತ್ತಾಳ್ರಿ," ಅಂದಳು ಅವ್ವ, ಹಣೆ ಹಿಡಿದುಕೊಂಡು.

"ಯಾವಾಗ ಯಾವಾಗ ಆತು?"

"ನಿನ್ನೆ ಗಾಡ್ಯಾಗ ಬರುವಾಗ. ಇವತ್ತೂ ಗಾಡ್ಯಾಗನ."

"ನಿಮಗೇನಾಗೇತ್ರಿ? ಯಾಕ ಹಣಿ ಹಿಡಕೊಂಡೀರಿ?"

"ತಲಿ ಹಿಡದೈತ್ರಿ. ಹೊಟ್ಟಿನೂ ಒಂಥರಾ ಆಗಾಕತ್ತೈತಿ."

ಬಾಯಾರು ಬಾಗಿಲಾಚೆ ಬಾಕಿನ ಮೇಲೆ ಟವೆಲ್ ಕಟ್ಟಿಕೊಂಡು ಕೂತಿದ್ದ ಇವರನ್ನು ನೋಡಿದರು. "ಅವರ್ಯಾರು?"

"ನಮ್ಮ ಅಳಿಯಾರ್ರಿ."

"ಅವರಿಗೂ ತಲಿನೋವೇನು?"

"ದಿನಾ ಇರತೈತ್ರಿ," ಅಂದೆ ನಾನು.

ಬಾಯಾರು ನಕ್ಕುಬಿಟ್ಟರು. "ಹಂಗಾದ್ರ ಮೂರೂ ಮಂದಿ ಬಸರಾಗೀರೇನ ಮತ್ತ?" ಅಂದವರು ಇವರನ್ನು ಒಳಗೆ ಕರೆದು, ಗಾಡಿ ಓಡಿಸದ ದಿನ ತಲೆ ನೋಯುತ್ತದೆಯೇ ಎಂದು ಕೇಳಿದರು. ಇವರು ಯೋಚಿಸಿ ಯೋಚಿಸಿ, ಇಲ್ಲ ಅಂದರು. ಹಾಗೆಂದು ಇವರಿಗೂ ಆ ಕ್ಷಣದಲ್ಲೇ ಗೊತ್ತಾದ ಹಾಗಿತ್ತು.

"ಒಳಗ ಹೊಗಿ ವಾಸನಿ ಬರತೈತೇನು?"

"ಡೀಸೆಲ್ ಗಾಡಿ ಅಂದ್ರ ವಾಸನಿ ಇರೂದರ್ರಿ," ಅಂದರು ಇವರು.

"ನಾ ಮಿಸ್ತ್ರಿ ಅಲ್ಲ, ಖರೆ ಏನಂತ ನನಗ ಹೇಳಾಕ ಬರಾಂಗಿಲ್ಲ. ಗಾಡಿ ತೋರಸ್ರಿ. ಅಲ್ಲೀತನಕ ಮಳಿ ಬಂದ್ರೂ ಗಾಜ ಇಳಿಸಿ ಹೋಗ್ರಿ."

ತೊಯ್ದುಕೊಂಡೇ ಹತ್ತರಗಿಗೆ ಬಂದೆವು. ಹೆದ್ದಾರಿಯ ಬದಿಯಲ್ಲಿ ಒಂದು ಗ್ಯಾರೇಜಿತ್ತು. ಅಲ್ಲಿಯ ಮಿಸ್ತ್ರಿ ವಯಸ್ಸಾದ ಸಾಬರು, ಎಲ್ಲರೂ ಚಾಚಾ ಅನ್ನುತ್ತಿದ್ದರು. ಇವರು ಹೊಗೆಯ ಮಾತು ಹೇಳಿದರು. ಚಾಚಾ ಗಾಡಿಯ ಕೆಳಗೆ ನುಗ್ಗಿ ಸೈಲೆನ್ಸರ್ ಪೈಪನ್ನು ಉದ್ದಕ್ಕೂ ತಡವಿ ನೋಡಿ ಹೊರಬಂದರು.

"ಪೈಪ್ ಚಲೋ ಐತಿ. ಸಪ್ಪಳಾನೂ ಇಲ್ಲ. ಏನ ತಗೀಲಿ ನಾನು?"

ನನಗೆ ಹೇಳಲೋ ಬೇಡವೋ ಅನ್ನಿಸಿತು. ಗೋಕಾಕದ ಮಿಸ್ತ್ರಿಯ ಮಾತು ಇನ್ನೂ ಚುಚ್ಚುತ್ತಿತ್ತು. ಆದರೂ ಅಂದೆ: "ಮುಂಜಾನಿ ಅಷ್ಟ ಒಂದ ಸಪ್ಪಳ ಬರತೈತ್ರಿ ಚಾಚಾ. ಟಿಕ್ ಟಿಕ್ ಅಂತ. ಗಾಡಿ ಬಿಸಿ ಆತಂದ್ರ ಹೋಗಿಬಿಡತೈತಿ."

ಚಾಚಾ ಇವರತ್ತ ನೋಡಿದರು. ಇವರು, "ಹೌದ್ರಿ. ನಾನೂ ಒಮ್ಮೆ ಕೇಳೇನಿ," ಅಂದರು. ಆ ಮಾತಿಗಾಗಿ ನಾನು ಇವರನ್ನು ಬಹಳ ದಿನ ನೆನೆದೆ.

"ಟ್ಯಾಪೆಟ್ ಆಗಿದ್ರ ಬಿಸಿ ಆದ್ರೂ ಬಡೀತಿತ್ತು," ಅಂದರು ಚಾಚಾ ಗಡ್ಡ ಕೆರೆಯುತ್ತ. "ಏನಂತ ನನಗೂ ತಿಳೀವಲ್ದು. ಇಲ್ಲೇ ಬಿಟ್ಟ ಹೋಗ್ರಿ. ರಾತ್ರಿ ತಣ್ಣಗಾಗ್ಲಿ. ಮುಂಜಾನಿ ಬರ್ರಿ, ನೀವು ಬಂದಮ್ಯಾಲ ಚಾಲೂ ಮಾಡೂಣು."

ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ ಹೊರಟೆ. ಅವ್ವ ಬೇಡವೆಂದಳು, ಆದರೆ ಆ ಸಪ್ಪಳವನ್ನು ಬೇರೆಯವರು ಕೇಳುವುದನ್ನು ನಾನು ನೋಡಬೇಕಿತ್ತು. ಚಾಚಾ ನಮಗಾಗಿ ಕಾದಿದ್ದರು. ಇವರು ಹತ್ತಿ ಕೀಲಿ ತಿರುಗಿಸಿದರು. ಇಂಜಿನ್ನು ಕೆಮ್ಮಿ ಎದ್ದಿತು. ಟಿಕ್ ಟಿಕ್ ಟಿಕ್.

"ಅರೆ!" ಅಂದರು ಚಾಚಾ. ಗ್ಯಾರೇಜಿನ ಎದುರಿನ ಚಹಾದಂಗಡಿಯವನೂ ತಲೆ ಹೊರಹಾಕಿದ. ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡೆ.

ಆದರೆ ಕೇಳಿಸುವುದು ಬೇರೆ, ಎಲ್ಲಿಂದ ಎಂದು ತಿಳಿಯುವುದು ಬೇರೆ. ಚಾಚಾ ಒಂದು ರಬ್ಬರ್ ನಳಿಗೆಯ ತುದಿಯನ್ನು ಕಿವಿಯಲ್ಲಿಟ್ಟು ಇನ್ನೊಂದು ತುದಿಯನ್ನು ಇಂಜಿನ್ನಿನ ಮೇಲೆಲ್ಲ ಆಡಿಸಿದರು. ಡೀಸೆಲ್ ಹೋಗುವ ನಳಿಗೆಗಳನ್ನು ಒಂದೊಂದಾಗಿ ಸಡಿಲಿಸಿದರು. ನಮ್ಮ ಸೀಟಿಗೆ ಹತ್ತಿರವಿದ್ದ ಕೊನೆಯದನ್ನು ಸಡಿಲಿಸಿದಾಗ ಸಪ್ಪಳ ನಿಂತಿತು.

"ನೋಝಲ್!" ಅಂದರು ಇವರು.

"ನೋಝಲ್," ಅಂದರು ಚಾಚಾ. ಬೇರೆ ನೋಝಲ್ ಹಾಕಿ ಚಾಲೂ ಮಾಡಿದರೆ ಮತ್ತೆ ಟಿಕ್ ಟಿಕ್. ಚಾಚಾ ಹಣೆ ಒರೆಸಿಕೊಂಡು ಬಗ್ಗುವಷ್ಟರಲ್ಲಿ ಇಂಜಿನ್ನು ಬಿಸಿಯಾಗಿ ಸಪ್ಪಳ ತಾನೇ ಕ್ಷೀಣವಾಗಿ, ಇಲ್ಲವಾಯಿತು. ಇನ್ನು ಅದು ತಣ್ಣಗಾಗುವ ತನಕ ಮಾಡುವುದೇನೂ ಇರಲಿಲ್ಲ. ಚಹಾ ತರಿಸಿದರು. ಹೆದ್ದಾರಿಯಲ್ಲಿ ಗಾಡಿಗಳು ಹೋಗುವುದನ್ನು ನೋಡುತ್ತ ಮೂವರೂ ಕುಡಿದೆವು. ಚಾಚಾ ನಡುನಡುವೆ ಎದ್ದುಹೋಗಿ ಇಂಜಿನ್ನನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ. "ಇದೆಂಥಾ ಬ್ಯಾನಿ, ತಣ್ಣಗಿದ್ದಾಗಷ್ಟ ಬರತೈತಿ," ಅಂತ ತಮಗೇ ಹೇಳಿಕೊಂಡರು. ಅದನ್ನು ಹೇಳಿದವರೇ ಕೈಯಲ್ಲಿನ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಚಹಾದಂಗಡಿಯವನ ಹತ್ತಿರ ಬಟ್ಟೆ ತೊಳೆಯುವ ಸಾಬೂನು ಇದೆಯೇ ಎಂದು ಕೇಳಿದರು.

ಮಧ್ಯಾಹ್ನ ಇಂಜಿನ್ನು ತಣ್ಣಗಾಗಿತ್ತು. ಚಾಚಾ ಸಾಬೂನಿನ ನೀರನ್ನು ಇಂಜಿನ್ನಿನ ಬದಿಗೆ, ಹೊಗೆ ಹೊರಹೋಗುವ ಬೀಡು ಕಬ್ಬಿಣದ ಕೊಳವೆ ಇಂಜಿನ್ನಿಗೆ ಕೂಡುವ ಸಂದಿನ ಮೇಲೆ ಚಿಮುಕಿಸಿದರು. ಅದಕ್ಕೆ ಮ್ಯಾನಿಫೋಲ್ಡ್ ಅನ್ನುತ್ತಾರೆ ಎಂದು ನನಗೆ ತಿಳಿದದ್ದು ಆವತ್ತು. "ಹಾಂ, ಚಾಲೂ," ಅಂದರು. ಕೊನೆಯ ಬಾಯಿಯ ಹತ್ತಿರ, ಕ್ಯಾಬಿನ್ನಿನ ಕಡೆಗೆ, ಸಾಬೂನಿನ ಗುಳ್ಳೆಗಳು ಎದ್ದು ಒಡೆಯತೊಡಗಿದವು. ಟಿಕ್ ಅಂದಾಗೊಮ್ಮೆ ಒಂದು ಗುಳ್ಳೆ.

ಬಿಚ್ಚಿ ನೋಡಿದರೆ ಅಲ್ಲಿಯ ಒಂದು ಬೋಲ್ಟು ಮುರಿದು ಯಾವ ಕಾಲವಾಗಿತ್ತೋ. ನಡುವಿನ ಪ್ಯಾಕಿಂಗ್ ಸುಟ್ಟು ಕರಿಯ ಪುಡಿಯಾಗಿತ್ತು. ಬೀಡಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಹಂಚಿನ ಹಿಂದಿರುವಂಥ ಮಸಿ.

"ಬಿಸಿ ಆತಂದ್ರ ಬೀಡು ಹಿಗ್ಗತೈತಿ, ಸೀಳು ಕೂಡತೈತಿ, ಸಪ್ಪಳ ಮುಚ್ಚತೈತಿ," ಅಂದರು ಚಾಚಾ, ನಮಗಿಂತ ತಮಗೇ ವಿವರಿಸಿಕೊಳ್ಳುತ್ತ. "ಸಪ್ಪಳ ಮುಚ್ಚಿದ್ರೂ ಹೊಗಿ ಪೂರಾ ಮುಚ್ಚಾಂಗಿಲ್ಲ. ಗೇರಿನ ಬುಡದ ರಬ್ಬರ್ ನೋಡ್ರಿ, ಹರಕ ಆಗೇತಿ. ಅಲ್ಲಿಂದ ಸೀದಾ ನಿಮ್ಮ ಮೂಗಿಗೆ."

ಹಾಗಾದರೆ ನೋಝಲ್ ಸಡಿಲಿಸಿದಾಗ ಸಪ್ಪಳ ನಿಂತಿದ್ದೇಕೆ ಎಂದು ಇವರು ಕೇಳಿದರು. ಅಲ್ಲಿ ಬೆಂಕಿಯೇ ಹತ್ತದಿದ್ದರೆ ಹೊಗೆಯೆಲ್ಲಿಂದ, ಹೊಗೆ ಇಲ್ಲದಿದ್ದರೆ ಸಪ್ಪಳವೆಲ್ಲಿಂದ ಅಂದರು ಚಾಚಾ. ಇವರಿಗೆ ಅದು ತಿಳಿಯಿತು. ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಹುಕ್ಕೇರಿಯ ಗುಜರಿಯಲ್ಲಿ ಅಂಥದೇ ಹಳೆಯ ಮ್ಯಾನಿಫೋಲ್ಡ್ ಸಿಕ್ಕಿತು. ಹೊಸ ಪ್ಯಾಕಿಂಗ್ ಹಾಕಿ, ಗೇರಿನ ಬುಡಕ್ಕೆ ರಬ್ಬರ್ ಕೂರಿಸಿ ಚಾಚಾ ಗಾಡಿ ಕೊಟ್ಟರು.

ಪಂಚಮಿ ಮುಗಿಸಿ ಮೂಡಲಗಿಗೆ ಮರಳುವಾಗಲೂ ಮಳೆಯಿತ್ತು. ಗಾಜು ಏರಿಸಿದೆವು. ಗೋಕಾಕ ಬಂದರೂ ಇವರ ಟವೆಲ್ ಹೆಗಲ ಮೇಲೆಯೇ ಇತ್ತು. ನಾನು ಕಾಯುತ್ತಿದ್ದೆ. ತಲೆನೋವು ಹೋದಮೇಲೆ ಮಾತು ಬರುತ್ತದೆ ಎಂದು ಹೇಗೋ ನಂಬಿಬಿಟ್ಟಿದ್ದೆ. ಮಾತು ಬರಲಿಲ್ಲ.

"ಈಗ ತಲಿ ನೋವಿಲ್ಲಲ್ರಿ?" ಅಂದೆ.

"ಇಲ್ಲ."

"ಮತ್ತ ಯಾಕ ಮಾತಾಡವಲ್ರಿ?"

ಇವರು ರಸ್ತೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ನಿಜವಾಗಿ ಗೊಂದಲಗೊಂಡಿದ್ದರು. "ಮಾತಾಡಾಕ ಏನೈತಿ?" ಅಂದರು. ತುಸು ದೂರ ಹೋದ ಮೇಲೆ, "ನೀ ದಿನಾ ಕಿಡಕ್ಯಾಗ ನಿಂತ ನನ್ನ ಹಂಗ ದುರುದುರು ನೋಡತಿದ್ದಿ. ಇಕೀಗೆ ಈ ಮನಿ ಮನಸಿಗೆ ಬಂದಿಲ್ಲ, ತವರಮನಿಗೆ ಹೋಗಾಕ ನಿಂತಾಳ ಅನಕೊಂಡಿದ್ನಿ ನಾ," ಅಂದರು.

"ನಾ ಸಪ್ಪಳ ಕೇಳತಿದ್ನಿರಿ!"

"ಅದು ಈಗ ಗೊತ್ತಾತು."

ಇಬ್ಬರೂ ನಕ್ಕೆವು. ಹೊಗೆ ಹೋದಮೇಲೆ ಇವರು ಹೊಟ್ಟೆತುಂಬ ಉಣ್ಣತೊಡಗಿದರು, ಚಾಳೀಸು ಗೂಟಕ್ಕೆ ತೂಗುಬಿತ್ತು. ಆದರೆ ಮಾತು ಮಾತ್ರ ಮೊದಲಿನಷ್ಟೇ ಇತ್ತು. ಆ ಮೊದಲ ತಿಂಗಳುಗಳ ಮೌನದಲ್ಲಿ ಎಷ್ಟು ಹೊಗೆಯದು, ಎಷ್ಟು ಇವರದೇ, ಎಷ್ಟು ನನ್ನ ಕಲ್ಪನೆಯದು ಎಂದು ಬಿಡಿಸಿ ನೋಡಲು ನನಗೆ ಇಂದಿಗೂ ಬಂದಿಲ್ಲ.

ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಪಕ್ಕದ ಮನೆಯ ಹೆಂಗಸರೂ ಬಂದಿದ್ದರು. ನಾನು ವಾಂತಿ ಮಾಡಿಕೊಂಡ ಸಂಜೆಯೇ ಅವ್ವ ದಡ್ಡಿಯ ಎಸ್‌ಟಿಡಿ ಬೂತಿನಿಂದ ನಮ್ಮ ಮನೆಯೆದುರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದಳು. ನನಗೆ ಅದರ ಸುಳಿವೇ ಇರಲಿಲ್ಲ. ಅಲ್ಲವೆಂದು ತಿಳಿದ ಮೇಲೆ ಮತ್ತೆ ಫೋನ್ ಮಾಡಲು ಆಕೆಗೆ ನಾಚಿಕೆಯಾಗಿತ್ತಂತೆ.

ನಾನು ಅತ್ತೆಯನ್ನು ಒಳಗೆ ಕರೆದು, ಅವರ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ಅವರು ಕೈಯಲ್ಲಿನ ಆರತಿಯನ್ನು ಒಮ್ಮೆ, ಅಂಗಳದಲ್ಲಿದ್ದ ಲಾರಿಯನ್ನು ಒಮ್ಮೆ ನೋಡಿದರು. ಹೊರಗೆ ಹೆಂಗಸರು ಕಾಯುತ್ತಿದ್ದರು. ಕೊನೆಗೆ ಅತ್ತೆ ಆರತಿ ತಟ್ಟೆಯೊಡನೆಯೇ ಹೊರಗೆ ನಡೆದರು.

"ಏನೂ ಇಲ್ಲ ಬಿಡ್ರಿ," ಅಂದರು ಅವರಿಗೆ. "ಗಾಡೀದಿತ್ತಂತ."

"ಗಾಡೀದೇನ್ರಿ?" ಅಂದಳೊಬ್ಬಳು.

"ಅದರ ಹೊಗಿ ಇಕೀ ಹೊಟ್ಟಿಗೆ ಹೋಗಿತ್ತಂತ. ಈಗ ಬೋಲ್ಟ ಹಾಕ್ಯಾರ."

ಹೆಂಗಸರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಏನೂ ತಿಳಿಯದೆ, ಕುಂಕುಮ ಹಚ್ಚಿಸಿಕೊಂಡು ಹೋದರು.